ಮಹಮೂದ್ ಅಲ್-ಕಾಶ್ಗರಿ: ತುರ್ಕಿ ನಕ್ಷತ್ರನಾಮಗಳ ಮೊದಲ ನಿಘಂಟುಕಾರ

ಪೀಠಿಕೆ

ಭಾಷೆಗಳ ನಡುವಿನ ಜ್ಞಾತಿಸಂಬಂಧವನ್ನು ಗುರುತಿಸಲು ಭಾಷಾವಿಜ್ಞಾನಿಗಳು ಬಳಸುವ ಮೂಲಪದಗಳ ಪಟ್ಟಿಯಲ್ಲಿ ಬಂಧುವಾಚಕ, ಅಂಗವಾಚಕ, ಸಂಖ್ಯಾವಾಚಕಗಳ ಜೊತೆಗೆ ನಕ್ಷತ್ರ ಎಂಬ ಅರ್ಥದ ಪದಕ್ಕೂ ಸ್ಥಾನವಿದೆ. ಎಲ್ಲ ಜನಾಂಗಗಳೂ ಆಕಾಶವನ್ನು ನೋಡಿವೆ. ಆದುದರಿಂದ ಈ ಅರ್ಥದ ಪದವನ್ನು ಒಂದು ಭಾಷೆ ಇನ್ನೊಂದರಿಂದ ಎರವಲು ಪಡೆಯುವ ಸಂಭವ ಕಡಿಮೆ ಎಂಬುದು ಇದರ ಹಿಂದಿನ ತರ್ಕ. ಆದರೆ ನಕ್ಷತ್ರ ಎಂಬ ಸಾಮಾನ್ಯ ಪದದ ಮಾತು ಬೇರೆ, ಒಂದೊಂದು ನಕ್ಷತ್ರದ ಹೆಸರಿನ ಮಾತು ಬೇರೆ. ಜ್ಯೋತಿಶ್ಶಾಸ್ತ್ರವು ಗ್ರಂಥಗಳ ಮೂಲಕ ಹರಡಿದಂತೆಲ್ಲ ದೊಡ್ಡ ಭಾಷೆಗಳ ನಕ್ಷತ್ರನಾಮಗಳು ಸಣ್ಣ ಭಾಷೆಗಳನ್ನು ಪ್ರವೇಶಿಸುತ್ತವೆ. ಕುರಿ ಕಾಯುವವರೂ ದಾರಿ ನಡೆಯುವವರೂ ಇಟ್ಟುಕೊಂಡಿದ್ದ ಹೆಸರುಗಳು ಬರಹದ ಹೊರಗೇ ಉಳಿದುಬಿಡುತ್ತವೆ.

ತುರ್ಕಿ ಭಾಷಾವರ್ಗದ ಮಟ್ಟಿಗೆ ಇಂತಹ ಹೆಸರುಗಳಲ್ಲಿ ಕೆಲವಾದರೂ ಹನ್ನೊಂದನೆಯ ಶತಮಾನದಲ್ಲಿಯೇ ಬರಹಕ್ಕೆ ಇಳಿದವು. ಅದಕ್ಕೆ ಕಾರಣನಾದವನು ಮಹಮೂದ್ ಅಲ್-ಕಾಶ್ಗರಿ. ಅವನು ರಚಿಸಿದ ‘ದೀವಾನು ಲುಗಾತ್ ಅತ್-ತುರ್ಕ್’ ಎಂಬ ತುರ್ಕಿ-ಅರಬ್ಬಿ ನಿಘಂಟು ಇಂದು ತುರ್ಕಿ ಭಾಷೆಗಳ ಅಧ್ಯಯನಕ್ಕೆ ಬುನಾದಿಯ ಗ್ರಂಥವೆನಿಸಿದೆ. ಅವನ ಬದುಕನ್ನೂ, ಆ ಬದುಕಿನ ಹಿನ್ನೆಲೆಯಲ್ಲಿ ಅವನು ಸಂಗ್ರಹಿಸಿದ ನಕ್ಷತ್ರಪದಗಳ ಮಹತ್ವವನ್ನೂ ಒಟ್ಟಿಗೆ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಮನೆತನ ಮತ್ತು ನಾಡು

ಮಹಮೂದನ ತಂದೆಯ ಹೆಸರು ಹುಸೇನ್, ಅಜ್ಜನ ಹೆಸರು ಮುಹಮ್ಮದ್. ತಂದೆಯ ಊರು ಬಾರ್ಸ್‌ಗಾನ್. ಇದು ಇಂದಿನ ಕಿರ್ಗಿಜ್‌ಸ್ತಾನದ ಇಸಿಕ್‌ಕುಲ್ ಸರೋವರದ ದಂಡೆಯ ಪಟ್ಟಣವಾಗಿತ್ತು. ಕಾಶ್ಗರ್ ಇಂದು ಚೀನದ ಷಿಂಜಿಯಾಂಗ್ ಪ್ರಾಂತದಲ್ಲಿದೆ. ಈ ಎರಡೂ ಸ್ಥಳಗಳು ಆಗ ಕಾರಾಖಾನಿ ಅರಸರ ಆಳ್ವಿಕೆಗೆ ಸೇರಿದ್ದವು. ಹತ್ತನೆಯ ಶತಮಾನದ ಮಧ್ಯಭಾಗದಲ್ಲಿ ಸತೂಕ್ ಬುಗ್ರಾಖಾನನ ಕಾಲಕ್ಕೆ ಇಸ್ಲಾಂ ಧರ್ಮವನ್ನು ಸ್ವೀಕರಿಸಿದ ಈ ತುರ್ಕಿ ಮನೆತನವು ಕ್ರಿ.ಶ. 999ರಲ್ಲಿ ಬುಖಾರಾವನ್ನು ಗೆದ್ದು ಸಾಮಾನಿ ವಂಶದ ಆಳ್ವಿಕೆಯನ್ನು ಕೊನೆಗೊಳಿಸಿತು. ತನ್ನ ಪೂರ್ವಿಕರು ಸಾಮಾನಿಗಳಿಂದ ತುರ್ಕರ ನಾಡನ್ನು ಬಿಡಿಸಿಕೊಂಡ ಅಮೀರರಾಗಿದ್ದರೆಂದು ಮಹಮೂದನು ತನ್ನ ಗ್ರಂಥದಲ್ಲಿ ಹೇಳಿಕೊಂಡಿದ್ದಾನೆ. ಇದರಿಂದ ಅವನು ರಾಜಮನೆತನದ ಒಂದು ಶಾಖೆಗೆ ಸೇರಿದವನೆಂದು ತಿಳಿಯುತ್ತದೆ.

ಅವನ ಜೀವನದ ಬಗೆಗೆ ಸಮಕಾಲೀನರು ಯಾರೂ ಬರೆದಿಟ್ಟಿಲ್ಲ. ದೊರೆಯುವ ಸಂಗತಿಗಳೆಲ್ಲವೂ ಅವನ ನಿಘಂಟಿನ ಮುನ್ನುಡಿಯಲ್ಲಿ ಮತ್ತು ಪದಗಳ ವಿವರಣೆಗಳ ನಡುವೆ ಚದುರಿಕೊಂಡಿವೆ. ಹೀಗಾಗಿ ಕಾಶ್ಗರಿಯ ಜೀವನಚರಿತ್ರೆಯೆಂದರೆ ಅವನ ಪದಗಳ ಚರಿತ್ರೆಯೇ ಎನ್ನಬಹುದು. ಕಾರಾಖಾನಿ ಅರಮನೆಯಲ್ಲಿ 1057ರ ಸುಮಾರಿಗೆ ಅಧಿಕಾರಕ್ಕಾಗಿ ನಡೆದ ಒಳಜಗಳದಲ್ಲಿ ಹಲವರು ಹತರಾದರೆಂದೂ, ಆ ಸಂದರ್ಭದಲ್ಲಿ ಮಹಮೂದನು ನಾಡು ಬಿಟ್ಟು ಹೊರಟನೆಂದೂ ಇತಿಹಾಸಕಾರ ಒಮೆಲ್ಯಾನ್ ಪ್ರಿತ್ಸಾಕ್ ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಊಹಿಸಿದರು. ಇದು ಊಹೆಯೇ ಆದರೂ, ರಾಜಪುತ್ರನೊಬ್ಬನು ತಾಯ್ನಾಡಿನಿಂದ ಬಹುದೂರದ ಬಾಗ್ದಾದಿನಲ್ಲಿ ಕುಳಿತು ತನ್ನ ಜನರ ಮಾತುಗಳನ್ನು ದಾಖಲಿಸಬೇಕಾಗಿ ಬಂದ ಸನ್ನಿವೇಶಕ್ಕೆ ಅದು ಒಂದು ವಿವರಣೆಯನ್ನು ಒದಗಿಸುತ್ತದೆ.

ಅಲೆದಾಟವೇ ಅಧ್ಯಯನ

ತುರ್ಕರ ನಗರಗಳನ್ನೂ ಹುಲ್ಲುಗಾವಲುಗಳನ್ನೂ ಸುತ್ತಿ ತುರ್ಕ್, ತುರ್ಕ್‌ಮೆನ್-ಒಗೂಜ್, ಚಿಗಿಲ್, ಯಗ್ಮಾ, ಕಿರ್ಗಿಜ್ ಮೊದಲಾದ ಬುಡಕಟ್ಟುಗಳ ನುಡಿಗಳನ್ನು ಕಲಿತುದಾಗಿ ಕಾಶ್ಗರಿಯು ಹೇಳುತ್ತಾನೆ. ತಾನು ಒಳ್ಳೆಯ ಮಾತುಗಾರನೂ ಕುಲೀನನೂ ಭರ್ಜಿ ಎಸೆಯುವುದರಲ್ಲಿ ನಿಪುಣನೂ ಹೌದೆಂದು ಅವನು ಹೆಮ್ಮೆಯಿಂದ ಸೇರಿಸುತ್ತಾನೆ. ಇದನ್ನು ಬರಿಯ ಆತ್ಮಪ್ರಶಂಸೆಯೆಂದು ಬದಿಗಿಡುವಂತಿಲ್ಲ. ಕುದುರೆಯ ಮೇಲೆ ಬದುಕುವ ಜನರ ನಡುವೆ ಅವರಲ್ಲೊಬ್ಬನಾಗಿ ಓಡಾಡಬಲ್ಲವನಿಗೆ ಮಾತ್ರ ಅವರ ಮಾತು ಪೂರ್ತಿಯಾಗಿ ದಕ್ಕುತ್ತದೆಂಬ ತಿಳಿವಳಿಕೆ ಈ ಹೇಳಿಕೆಯ ಹಿಂದಿದೆ. ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ ಅವನು ಕ್ಷೇತ್ರಕಾರ್ಯ ನಡೆಸಿದ ನಿಘಂಟುಕಾರ.

ಈ ಕ್ಷೇತ್ರಕಾರ್ಯದ ಫಲವಾಗಿ ಅವನಿಗೆ ಉಪಭಾಷೆಗಳ ನಡುವಿನ ಧ್ವನಿವ್ಯತ್ಯಾಸಗಳು ವ್ಯವಸ್ಥಿತವಾದವು ಎಂಬುದು ಗೋಚರಿಸಿತು. ಕಾಲು ಎಂಬ ಅರ್ಥದ ಪದವನ್ನು ಚಿಗಿಲರು ಅದಕ್ ಎಂದೂ, ಕಿಪ್ಚಾಕರು ಮತ್ತು ಬಲ್ಗಾರರು ಅಜ಼ಕ್ ಎಂದೂ, ಒಗೂಜರೂ ಯಗ್ಮಾದವರೂ ಅಯಕ್ ಎಂದೂ ಉಚ್ಚರಿಸುವುದನ್ನು ಅವನು ಗುರುತಿಸಿದ್ದಾನೆ. ಬೇರೆಯವರಲ್ಲಿ ಪದಾದಿಯಲ್ಲಿ ಯಕಾರವಿರುವಲ್ಲಿ ಒಗೂಜರೂ ಕಿಪ್ಚಾಕರೂ ಅದನ್ನು ಬಿಡುವುದನ್ನೋ ಜಕಾರವಾಗಿ ನುಡಿಯುವುದನ್ನೋ ಗಮನಿಸಿದ್ದಾನೆ. ತೌಲನಿಕ ಭಾಷಾವಿಜ್ಞಾನವೆಂಬ ಶಾಸ್ತ್ರ ರೂಪುಗೊಳ್ಳುವುದಕ್ಕೆ ಏಳು ಶತಮಾನಗಳ ಮೊದಲು ಈ ಮಾದರಿಯ ಅವಲೋಕನ ನಡೆದಿತ್ತೆಂಬುದು ಗಮನಾರ್ಹ.

ಬಾಗ್ದಾದಿನಲ್ಲಿ ನಿಘಂಟು

ಸೆಲ್ಜುಕ್ ತುರ್ಕರ ನಾಯಕ ತುಗ್ರಿಲ್ ಬೇಗನು 1055ರಲ್ಲಿ ಬಾಗ್ದಾದನ್ನು ಪ್ರವೇಶಿಸಿದ ಮೇಲೆ ಅಬ್ಬಾಸಿ ಖಲೀಫರ ಹೆಸರಿನ ಹಿಂದೆ ನಿಜವಾದ ಅಧಿಕಾರ ತುರ್ಕರದಾಯಿತು. 1071ರಲ್ಲಿ ಮಂಜಿಕರ್ಟ್ ಕಾಳಗದಲ್ಲಿ ಅಲ್ಪ್ ಅರ್ಸ್ಲಾನನು ಬಿಜಾಂಟಿಯಂ ಚಕ್ರವರ್ತಿಯನ್ನು ಸೋಲಿಸಿದನು. ಮರುವರ್ಷ ಮಲಿಕ್‌ಷಾ ಪಟ್ಟಕ್ಕೆ ಬಂದನು. ಅದೇ 1072ರಲ್ಲಿ ಕಾಶ್ಗರಿಯು ತನ್ನ ನಿಘಂಟಿನ ಕೆಲಸವನ್ನು ಆರಂಭಿಸಿದನು. ನಾಲ್ಕು ಬಾರಿ ತಿದ್ದಿ ಬರೆದು 1070ರ ದಶಕದಲ್ಲಿಯೇ ಮುಗಿಸಿದ ಆ ಕೃತಿಯನ್ನು 1075ರಲ್ಲಿ ಪಟ್ಟವೇರಿದ ಖಲೀಫ ಅಲ್-ಮುಕ್ತದಿಗೆ ಅರ್ಪಿಸಿದನು.

ಆಳುವವರ ಭಾಷೆಯಾಗಿದ್ದರೂ ವಿದ್ವತ್ತಿನ ವಲಯದಲ್ಲಿ ತುರ್ಕಿಗೆ ಮಾನ್ಯತೆ ಇರಲಿಲ್ಲ. ಶಾಸ್ತ್ರಕ್ಕೆ ಅರಬ್ಬಿ, ಆಡಳಿತಕ್ಕೂ ಕಾವ್ಯಕ್ಕೂ ಪಾರಸಿ ಎಂಬ ವ್ಯವಸ್ಥೆ ನೆಲೆಯೂರಿತ್ತು. ತುರ್ಕಿಯನ್ನು ಕಲಿಯುವುದು ಅಗತ್ಯವೆಂದು ಸ್ಥಾಪಿಸಲು ಕಾಶ್ಗರಿಯು ಬುಖಾರಾ ಮತ್ತು ನಿಶಾಪುರದ ಧರ್ಮಪಂಡಿತರಿಂದ ಕೇಳಿದ ಪ್ರವಾದಿವಚನವೊಂದನ್ನು ಆಧಾರವಾಗಿ ಒಡ್ಡುತ್ತಾನೆ; ಆ ವಚನ ನಿಜವಾದರೆ ಕಲಿಕೆ ಧಾರ್ಮಿಕ ಕರ್ತವ್ಯ, ನಿಜವಲ್ಲದಿದ್ದರೂ ವಿವೇಕದ ಬೇಡಿಕೆ ಎಂದು ವಾದಿಸುತ್ತಾನೆ. ತುರ್ಕಿಯು ಅರಬ್ಬಿಯೊಡನೆ ಪಂದ್ಯದ ಕುದುರೆಯಂತೆ ಸಮಸಮವಾಗಿ ಓಡಬಲ್ಲದೆಂಬುದನ್ನು ತೋರಿಸುವುದು ಅವನ ಗುರಿಯಾಗಿತ್ತು.

ಇದಕ್ಕಾಗಿ ಅವನು ಅರಬ್ಬಿ ನಿಘಂಟುಕಾರರ ವ್ಯವಸ್ಥೆಯನ್ನೇ ಬಳಸಿಕೊಂಡನು. ಎಂಟನೆಯ ಶತಮಾನದ ಅಲ್-ಖಲೀಲನು ಬಳಕೆಯಲ್ಲಿರುವ ಮತ್ತು ಇಲ್ಲದಿರುವ ಎಲ್ಲ ಪದರೂಪಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದನು. ಕಾಶ್ಗರಿಯು ಆ ದಾರಿಯನ್ನು ಪರಿಶೀಲಿಸಿ, ಬಳಕೆಯಲ್ಲಿರುವ ಪದಗಳನ್ನು ಮಾತ್ರ ಉಳಿಸಿಕೊಂಡನು. ಎರವಲು ಪದಗಳನ್ನು ಕೈಬಿಟ್ಟನು. ಪದಗಳ ಅಕ್ಷರರಚನೆಯನ್ನು ಆಧರಿಸಿ ಗ್ರಂಥವನ್ನು ಎಂಟು ಭಾಗಗಳಾಗಿ ವಿಂಗಡಿಸಿ, ಪ್ರತಿಯೊಂದರಲ್ಲಿಯೂ ನಾಮಪದ, ಕ್ರಿಯಾಪದಗಳನ್ನು ಬೇರ್ಪಡಿಸಿದನು. ಅರ್ಥವನ್ನು ಸ್ಪಷ್ಟಪಡಿಸಲು ಗಾದೆಗಳನ್ನೂ ಹಾಡುಗಳ ತುಣುಕುಗಳನ್ನೂ ಉದಾಹರಿಸಿದನು. ಬಲಾಸಗೂನ್ ನಗರವನ್ನು ನಡುವಿನಲ್ಲಿಟ್ಟು ವೃತ್ತಾಕಾರದ ಭೂಪಟವೊಂದನ್ನೂ ಸೇರಿಸಿದನು. ತುರ್ಕಿಯ ವ್ಯಾಕರಣವನ್ನು ಕುರಿತು ಅವನು ಬರೆದ ಇನ್ನೊಂದು ಗ್ರಂಥ ಇಂದು ಉಪಲಬ್ಧವಿಲ್ಲ.

ಎರಡು ಆಕಾಶಗಳು

ಕಾಶ್ಗರಿಯ ಕಾಲದ ಬಾಗ್ದಾದಿನಲ್ಲಿ ಖಗೋಳಶಾಸ್ತ್ರಕ್ಕೆ ಕೊರತೆಯಿರಲಿಲ್ಲ. ಅಲ್-ಸೂಫಿಯು ಸ್ಥಿರನಕ್ಷತ್ರಗಳನ್ನು ಕುರಿತ ತನ್ನ ಪ್ರಸಿದ್ಧ ಗ್ರಂಥವನ್ನು 964ರ ಸುಮಾರಿಗೆ ಅರಬ್ಬಿಯಲ್ಲಿ ರಚಿಸಿ ಶತಮಾನವೇ ಕಳೆದಿತ್ತು. ನಿಘಂಟು ಸಿದ್ಧವಾಗುತ್ತಿದ್ದ ವರ್ಷಗಳಲ್ಲಿಯೇ ಮಲಿಕ್‌ಷಾನ ಆಶ್ರಯದಲ್ಲಿ ಉಮರ್ ಖಯ್ಯಾಮನೂ ಅವನ ಸಂಗಡಿಗರೂ ಇಸ್ಫಹಾನಿನಲ್ಲಿ ಆಕಾಶವೀಕ್ಷಣೆ ನಡೆಸಿ 1079ರಲ್ಲಿ ಜಲಾಲಿ ಪಂಚಾಂಗವನ್ನು ಜಾರಿಗೆ ತಂದರು. ಆಶ್ರಯದಾತ ತುರ್ಕ, ಆದರೆ ಶಾಸ್ತ್ರದ ಪದಗಳಾವುವೂ ತುರ್ಕಿಯವಲ್ಲ.

ತುರ್ಕಿಯಲ್ಲಿ ಆಕಾಶವನ್ನು ಬರಹಕ್ಕೆ ತಂದ ಇನ್ನೊಂದು ಕೃತಿ ಇದೇ ಕಾಲಕ್ಕೆ ಸೇರಿದ್ದು. ಬಲಾಸಗೂನಿನ ಯೂಸುಫ್ ಖಾಸ್ ಹಾಜಿಬನು 1069-70ರಲ್ಲಿ ಕಾಶ್ಗರದಲ್ಲಿ ‘ಕುತದ್ಗು ಬಿಲಿಗ್’ ಎಂಬ ರಾಜನೀತಿಯ ಕಾವ್ಯವನ್ನು ಪೂರ್ಣಗೊಳಿಸಿದನು. ಅದರ ಆರಂಭದ ಭಾಗದಲ್ಲಿ ಗ್ರಹಗಳ ಮತ್ತು ಹನ್ನೆರಡು ರಾಶಿಗಳ ಹೆಸರುಗಳು ತುರ್ಕಿಯಲ್ಲಿ ಬರುತ್ತವೆ. ಮೇಷಕ್ಕೆ ಕುಜ಼ಿ ಅಂದರೆ ಕುರಿಮರಿ, ಕನ್ಯೆಗೆ ಬುಗ್ದಾಯ್ ಬಾಶಿ ಅಂದರೆ ಗೋಧಿಯ ತೆನೆ, ಧನುವಿಗೆ ಯಾ ಅಂದರೆ ಬಿಲ್ಲು, ಕುಂಭಕ್ಕೆ ಕೊನೆಕ್ ಅಂದರೆ ನೀರು ಸೇದುವ ಪಾತ್ರೆ ಎಂಬ ಹೆಸರುಗಳಿವೆ. ಪದಗಳು ಅಚ್ಚ ತುರ್ಕಿಯವು; ಆದರೆ ಕಲ್ಪನೆ ತುರ್ಕಿಯದಲ್ಲ. ಅರಬ್ಬಿಯಲ್ಲಿ ಮೇಷರಾಶಿಯ ಹೆಸರಿಗೆ ಕುರಿಮರಿ ಎಂದೂ, ಕನ್ಯಾರಾಶಿಯ ಹೆಸರಿಗೆ ಧಾನ್ಯದ ತೆನೆ ಎಂದೂ, ಕುಂಭದ ಹೆಸರಿಗೆ ನೀರು ಸೇದುವ ಪಾತ್ರೆ ಎಂದೂ ಅರ್ಥ. ಯೂಸುಫನ ರಾಶಿನಾಮಗಳು ಇಂತಹ ಅರ್ಥಾನುವಾದಗಳಿಂದ ರೂಪುಗೊಂಡವು.

ಕಾಶ್ಗರಿಯ ನಿಘಂಟು ಇದಕ್ಕೆ ವಿರುದ್ಧವಾದ ದಿಕ್ಕಿನಲ್ಲಿ ಚಲಿಸುತ್ತದೆ. ತಾಯ್ನಾಡಿನಲ್ಲಿದ್ದ ಕವಿ ಅರಬ್ಬಿಯ ಆಕಾಶವನ್ನು ತುರ್ಕಿಗೆ ತಂದರೆ, ಪರನಾಡಿನಲ್ಲಿದ್ದ ನಿಘಂಟುಕಾರ ತುರ್ಕಿಯ ಆಕಾಶವನ್ನು ಅರಬ್ಬಿಯ ಓದುಗರ ಮುಂದಿಟ್ಟನು. ಎರಡೂ ತುರ್ಕಿಯ ಘನತೆಗಾಗಿ ನಡೆದ ಪ್ರಯತ್ನಗಳೇ. ಆದರೆ ಒಂದರಲ್ಲಿ ಘನತೆಯು ಶಾಸ್ತ್ರವನ್ನು ಒಳಗೊಳ್ಳುವುದರಿಂದ ಬರುತ್ತದೆ. ಇನ್ನೊಂದರಲ್ಲಿ ಜನರ ಮಾತನ್ನೇ ಶಾಸ್ತ್ರದ ವಸ್ತುವನ್ನಾಗಿ ಮಾಡುವುದರಿಂದ ಬರುತ್ತದೆ.

ದೀವಾನಿನ ನಕ್ಷತ್ರಪದಗಳು

ನಕ್ಷತ್ರಕ್ಕೆ ಕಾಶ್ಗರಿಯು ಕೊಡುವ ಸಾಮಾನ್ಯ ಪದ ಯುಲ್ದುಜ಼್. ಇದರ ಜೊತೆಗೆ ಬಿಡಿ ನಕ್ಷತ್ರಗಳ ಹಾಗೂ ನಕ್ಷತ್ರಪುಂಜಗಳ ಹೆಸರುಗಳು ದೀವಾನಿನಲ್ಲಿ ಬರುತ್ತವೆ. ಅವುಗಳಲ್ಲಿ ನಾಲ್ಕನ್ನು ಇಲ್ಲಿ ಪರಿಶೀಲಿಸಬಹುದು.

ಮೊದಲನೆಯದು ಧ್ರುವನಕ್ಷತ್ರದ ಹೆಸರು. ತುರ್ಕಿಯಲ್ಲಿ ಅದು ಕಬ್ಬಿಣದ ಗೂಟ. ತೆಮುರ್ ಎಂದರೆ ಕಬ್ಬಿಣ. ಅದಕ್ಕೆ ಗೂಟವೆಂಬ ಅರ್ಥದ ಪದ ಸೇರಿ ಈ ಸಮಾಸವಾಗಿದೆ. ಆಕಾಶವೆಲ್ಲ ಈ ಗೂಟದ ಸುತ್ತ ತಿರುಗುತ್ತದೆಂಬ ಭಾವನೆ ಹೆಸರಿನ ಹಿಂದಿದೆ. ಕುದುರೆಯನ್ನು ಗೂಟಕ್ಕೆ ಕಟ್ಟಿದಾಗ ಅದು ಹಗ್ಗದ ಅಳತೆಗೆ ಸುತ್ತುತ್ತ ಮೇಯುವುದನ್ನು ದಿನವೂ ಕಂಡವರಿಗೆ ಮಾತ್ರ ಹೊಳೆಯಬಹುದಾದ ಹೆಸರಿದು. ಕಜಾಕರ ಜನಪದ ಕಥನದಲ್ಲಿ ಈ ಚಿತ್ರ ಇನ್ನಷ್ಟು ವಿಸ್ತಾರಗೊಂಡಿದೆ. ಅಲ್ಲಿ ಧ್ರುವದ ಸಮೀಪದ ಎರಡು ನಕ್ಷತ್ರಗಳು ಗೂಟಕ್ಕೆ ಕಟ್ಟಿದ ಎರಡು ಕುದುರೆಗಳಾದರೆ, ಸಪ್ತರ್ಷಿಮಂಡಲದ ಏಳು ನಕ್ಷತ್ರಗಳು ಅವನ್ನು ಕದಿಯಲು ರಾತ್ರಿಯೆಲ್ಲ ಸುತ್ತುವ ಏಳು ಮಂದಿ ಕಳ್ಳರು.

ಎರಡನೆಯದು ಆ ಸಪ್ತರ್ಷಿಮಂಡಲದ ಹಳೆಯ ಹೆಸರಾದ ಯೆತಿಕೆನ್. ಇದರಲ್ಲಿ ಏಳು ಎಂಬರ್ಥದ ಯೆತಿ ಎಂಬ ಸಂಖ್ಯಾವಾಚಕವಿದೆ. ಅರಬ್ಬಿಯಲ್ಲಿ ಇದೇ ಪುಂಜಕ್ಕೆ ಶವಪೆಟ್ಟಿಗೆಯ ಹೆಣ್ಣುಮಕ್ಕಳು ಎಂಬ ಅರ್ಥದ ಹೆಸರಿದೆ. ಕಾಶ್ಗರಿಯು ಆ ಅರಬ್ಬಿ ಹೆಸರನ್ನು ಅರ್ಥವಾಗಿ ಕೊಟ್ಟನೇ ಹೊರತು ಅದರ ಕಲ್ಪನೆಯನ್ನು ತುರ್ಕಿಯ ಮೇಲೆ ಹೇರಲಿಲ್ಲ.

ಮೂರನೆಯದು ಕೃತ್ತಿಕಾ ಪುಂಜದ ಹೆಸರಾದ ಉಲ್ಕೆರ್. ಇದರಿಂದ ಹುಟ್ಟಿದ ಯುದ್ಧದ ಪದವೊಂದನ್ನೂ ಕಾಶ್ಗರಿಯು ದಾಖಲಿಸಿದ್ದಾನೆ. ಸೈನ್ಯವನ್ನು ಒಂದೇ ಸಾಲಿನಲ್ಲಿ ನಿಲ್ಲಿಸದೆ ಸಣ್ಣ ಸಣ್ಣ ಗುಂಪುಗಳಾಗಿ ಹಂಚಿ ನಿಲ್ಲಿಸುವ ತಂತ್ರಕ್ಕೆ ಉಲ್ಕೆರ್ ಚೆರಿಗ್, ಅಂದರೆ ಕೃತ್ತಿಕಾ ಸೈನ್ಯ, ಎಂದು ಹೆಸರು. ನಕ್ಷತ್ರಪುಂಜದ ರೂಪವು ನೆಲದ ಮೇಲಿನ ವ್ಯೂಹಕ್ಕೆ ಹೆಸರಾದುದಕ್ಕೆ ಇದೊಂದು ಉತ್ತಮ ನಿದರ್ಶನ.

ನಾಲ್ಕನೆಯದು ಮಂಗಳಗ್ರಹದ ಹೆಸರಾದ ಬಕಿರ್ ಸೊಕಿಮ್. ಬಕಿರ್ ಎಂದರೆ ತಾಮ್ರ. ಸೊಕಿಮ್ ಎಂಬುದು ಮರವನ್ನು ಶಂಕುವಿನಾಕಾರಕ್ಕೆ ಕೆತ್ತಿ, ಒಳಗೆ ಟೊಳ್ಳು ಮಾಡಿ, ಮೂರು ಕಡೆ ತೂತು ಕೊರೆದು ಬಾಣಕ್ಕೆ ಸಿಕ್ಕಿಸುವ ಸಿಳ್ಳುಬುರುಡೆ. ಬಾಣ ಹಾರಿದಾಗ ಅದು ಸದ್ದು ಮಾಡುತ್ತದೆ. ಕೆಂಪಗೆ ಹೊಳೆಯುವ ಗ್ರಹವನ್ನು ತಾಮ್ರದ ಸಿಳ್ಳುಬುರುಡೆಯೆಂದು ಕರೆದ ಕಲ್ಪನೆಯು ಬೇಟೆಗಾರರ ಮತ್ತು ಬಿಲ್ಲಾಳುಗಳ ಲೋಕದಿಂದಲೇ ಬರಬೇಕು.

ಈ ನಾಲ್ಕರಲ್ಲಿ ಅರ್ಥ ತಿಳಿಯಾಗಿ ಒಡೆದು ಕಾಣುವ ಹೆಸರುಗಳಲ್ಲಿ ದೇವತೆಗಳಿಲ್ಲ, ಪುರಾಣದ ರಾಜರಿಲ್ಲ. ಗೂಟ, ಸಂಖ್ಯೆ, ಬಾಣದ ಬುರುಡೆ ಇವೇ ಅಲ್ಲಿವೆ. ಕಾಲವನ್ನು ಕುರಿತ ಪದಗಳಲ್ಲಿಯೂ ಇದೇ ಗುಣ ಕಂಡುಬರುತ್ತದೆ. ವಾರದ ಏಳು ದಿನಗಳಿಗೆ ತುರ್ಕಿಯಲ್ಲಿ ಹೆಸರುಗಳಿಲ್ಲವೆಂದೂ, ವಾರವೆಂಬ ಎಣಿಕೆ ಇಸ್ಲಾಮಿನೊಡನೆ ಬಂದುದೆಂದೂ ಕಾಶ್ಗರಿಯು ಸ್ಪಷ್ಟವಾಗಿ ತಿಳಿಸುತ್ತಾನೆ. ಹುಲ್ಲುಗಾವಲಿನವರು ವಸಂತದ ಮೊದಲ ತಿಂಗಳನ್ನು ಆಡಿನ ಮರಿಯ ತಿಂಗಳೆಂದೂ, ಮರಿ ಬೆಳೆದ ಮೇಲಿನ ಅವಧಿಯನ್ನು ದೊಡ್ಡ ಮರಿಯ ತಿಂಗಳೆಂದೂ ಕರೆಯುವುದನ್ನು ಬರೆದಿಟ್ಟಿದ್ದಾನೆ. ತನ್ನ ಭಾಷೆಯಲ್ಲಿ ಇಲ್ಲದುದನ್ನು ಇಲ್ಲವೆಂದೇ ಹೇಳುವ ಈ ಪ್ರಾಮಾಣಿಕತೆಯಿಂದಾಗಿ ಅವನು ಇದೆಯೆಂದು ಹೇಳಿದ ಮಾತುಗಳಿಗೂ ಪ್ರಾಮಾಣ್ಯ ದೊರೆಯುತ್ತದೆ.

ಒಂದೇ ಹಸ್ತಪ್ರತಿ

ಕಾಶ್ಗರದ ನೈಋತ್ಯಕ್ಕಿರುವ ಓಪಾಲ್ ಎಂಬಲ್ಲಿನ ಗೋರಿಯೊಂದನ್ನು ಸ್ಥಳೀಯ ಪರಂಪರೆಯು ಅವನದೆಂದು ನಂಬುತ್ತದೆ. ಅವನು ಕೊನೆಗಾಲದಲ್ಲಿ ಊರಿಗೆ ಮರಳಿದನೆಂಬ ನಂಬಿಕೆ ಅದರೊಡನೆ ಸೇರಿಕೊಂಡಿದೆ. ಗ್ರಂಥದ ಕಥೆಗೆ ಮಾತ್ರ ಖಚಿತವಾದ ಆಧಾರಗಳಿವೆ. 1258ರಲ್ಲಿ ಮಂಗೋಲರು ಬಾಗ್ದಾದನ್ನು ನಾಶಪಡಿಸಿದರು. ಎಂಟು ವರ್ಷಗಳ ತರುವಾಯ, 1266ರಲ್ಲಿ, ಇರಾನಿನ ಸಾವೆ ಮೂಲದ ಮುಹಮ್ಮದ್ ಬಿನ್ ಅಬೀಬಕ್ರ್ ಎಂಬ ಲಿಪಿಕಾರನು ಡಮಾಸ್ಕಸ್ಸಿನಲ್ಲಿ ಕಾಶ್ಗರಿಯ ಸ್ವಹಸ್ತಪ್ರತಿಯಿಂದ ಒಂದು ನಕಲನ್ನು ಮಾಡಿದನು. ಇಂದು ಜಗತ್ತಿನಲ್ಲಿ ಉಳಿದಿರುವುದು ಆ 319 ಹಾಳೆಗಳ ಒಂದೇ ಪ್ರತಿ.

ಈ ಪ್ರತಿಯು ಬೆಳಕಿಗೆ ಬಂದುದು ಮೊದಲನೆಯ ಮಹಾಯುದ್ಧದ ಆಸುಪಾಸಿನಲ್ಲಿ. ಇಸ್ತಾಂಬುಲಿನ ಗ್ರಂಥಸಂಗ್ರಾಹಕ ಅಲಿ ಎಮೀರಿ ಇದನ್ನು ಹಳೆಯ ಪುಸ್ತಕಗಳ ವ್ಯಾಪಾರಿಯೊಬ್ಬನಿಂದ ಕೊಂಡುಕೊಂಡರು. ಕ್ರಮ ತಪ್ಪಿ ಬೆರೆತಿದ್ದ ಹಾಳೆಗಳನ್ನು ಕಿಲಿಸ್ಲಿ ರಿಫತ್ ಜೋಡಿಸಿ 1915-17ರಲ್ಲಿ ಮೂರು ಸಂಪುಟಗಳಾಗಿ ಅಚ್ಚು ಹಾಕಿಸಿದರು. 1928ರಲ್ಲಿ ಕಾರ್ಲ್ ಬ್ರೊಕೆಲ್‌ಮನ್ನರ ಪದಸೂಚಿ ಜರ್ಮನ್ ಅರ್ಥಗಳೊಡನೆ ಪ್ರಕಟವಾಯಿತು. ಬೆಸಿಮ್ ಅತಲಾಯ್ ಅವರ ಟರ್ಕಿಷ್ ಅನುವಾದ 1939ರಿಂದಲೂ, ರಾಬರ್ಟ್ ಡ್ಯಾಂಕಾಫ್ ಮತ್ತು ಜೇಮ್ಸ್ ಕೆಲ್ಲಿ ಅವರ ಇಂಗ್ಲಿಷ್ ಅನುವಾದ 1982-85ರಲ್ಲಿಯೂ ಹೊರಬಂದವು. 2017ರಲ್ಲಿ ಯುನೆಸ್ಕೋ ಈ ಹಸ್ತಪ್ರತಿಯನ್ನು ತನ್ನ ವಿಶ್ವಸ್ಮೃತಿಯ ಪಟ್ಟಿಗೆ ಸೇರಿಸಿತು.

ಇಂದಿನ ತುರ್ಕಿ ಭಾಷೆಗಳೊಡನೆ ಹೋಲಿಸಿದಾಗ ಅವನ ದಾಖಲೆಯ ನಿಖರತೆ ಮನದಟ್ಟಾಗುತ್ತದೆ. ಯುಲ್ದುಜ಼್ ಎಂಬ ಪದ ಉಜ್ಬೆಕ್ ಭಾಷೆಯಲ್ಲಿ ಬಹುಮಟ್ಟಿಗೆ ಹಾಗೆಯೇ ಇದೆ. ಟರ್ಕಿಷ್‌ನಲ್ಲಿ ಅದು ಯಿಲ್ದಿಜ಼್, ಕಜಾಕಿನಲ್ಲಿ ಜುಲ್ದಿಜ಼್, ಸೈಬೀರಿಯದ ಸಾಖಾ ಭಾಷೆಯಲ್ಲಿ ಸುಲುಸ್, ವೋಲ್ಗಾ ತೀರದ ಚುವಾಶ್ ಭಾಷೆಯಲ್ಲಿ ಶಲ್ತರ್ ಎಂಬುದಕ್ಕೆ ಸಮೀಪದ ರೂಪ. ಕಜಾಕಿನ ಪದಾದಿಯ ಜಕಾರವು ಕಾಶ್ಗರಿಯು ಕಿಪ್ಚಾಕರ ನುಡಿಯಲ್ಲಿ ಕಂಡ ಲಕ್ಷಣವನ್ನೇ ನೆನಪಿಸುತ್ತದೆ. ಚುವಾಶ್ ರೂಪದ ಕೊನೆಯ ರಕಾರವು ಆ ಭಾಷೆಯನ್ನು ಉಳಿದ ತುರ್ಕಿ ಭಾಷೆಗಳಿಂದ ಬೇರ್ಪಡಿಸುವ ಮುಖ್ಯ ಧ್ವನಿನಿಯಮಕ್ಕೆ ನಿದರ್ಶನವಾಗಿದೆ. ಕಬ್ಬಿಣದ ಗೂಟವು ಕಜಾಕಿನಲ್ಲಿ ತೆಮಿರ್‌ಕಜ಼ಿಕ್, ಟರ್ಕಿಷ್‌ನಲ್ಲಿ ದೆಮಿರ್‌ಕಜ಼ಿಕ್ ಆಗಿ ಬದುಕಿದೆ. ಉಲ್ಕೆರ್ ಎಂಬುದು ಟರ್ಕಿಷ್‌ನಲ್ಲಿ ಹಾಗೆಯೇ ಉಳಿದು, ಕಜಾಕಿನಲ್ಲಿ ಉರ್ಕೆರ್, ಉಜ್ಬೆಕಿನಲ್ಲಿ ಹುಲ್ಕರ್ ಎಂದಾಗಿದೆ. ಕೃತ್ತಿಕೆಯು ಬೇಸಗೆಯ ಆರಂಭದಲ್ಲಿ ಕೆಲವು ವಾರ ಕಾಣದಾಗುವ ಅವಧಿಯನ್ನು ಕಜಾಕರು ಅದು ನೆಲಕ್ಕಿಳಿದ ಕಾಲವೆಂದು ಎಣಿಸುತ್ತಿದ್ದರು. ಆ ಬಳಿಕವೇ ನೆಲ ಕಾಯುತ್ತದೆಂದು ನಂಬುತ್ತಿದ್ದರು.

ಉಪಸಂಹಾರ

ತಿಮೂರನ ಮೊಮ್ಮಗ ಉಲುಗ್ ಬೇಗನು ಸಮರ್ಕಂದದಲ್ಲಿ ವೀಕ್ಷಣಾಲಯ ಕಟ್ಟಿಸಿ ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ಸ್ಥಾನಗಳನ್ನು 1437ರ ತನ್ನ ಕೋಷ್ಟಕದಲ್ಲಿ ದಾಖಲಿಸಿದನು. ಅವನ ಮನೆಮಾತು ತುರ್ಕಿ. ಆದರೆ ಕೋಷ್ಟಕದ ಭಾಷೆ ಪಾರಸಿ, ನಕ್ಷತ್ರನಾಮಗಳ ಪರಂಪರೆ ಅರಬ್ಬಿಯದು. ಕಾಶ್ಗರಿಯ ನಂತರ ಮೂರೂವರೆ ಶತಮಾನ ಕಳೆದಿದ್ದರೂ ತುರ್ಕಿಯ ನಕ್ಷತ್ರಪದಗಳಿಗೆ ಶಾಸ್ತ್ರದ ಬಾಗಿಲು ತೆರೆದಿರಲಿಲ್ಲವೆಂಬುದಕ್ಕೆ ಇದು ಸಾಕ್ಷಿ. ಈ ಪದಗಳು ಉಳಿದುದು ಎರಡು ನೆಲೆಗಳಲ್ಲಿ: ಒಂದು, ರಾತ್ರಿಯ ಹೊತ್ತು ಮಂದೆ ಕಾಯುವವರ ನಾಲಗೆಯ ಮೇಲೆ, ಇನ್ನೊಂದು, ಡಮಾಸ್ಕಸ್ಸಿನಲ್ಲಿ ನಕಲಾದ ಒಂದೇ ಹಸ್ತಪ್ರತಿಯಲ್ಲಿ.

ಮೊದಲನೆಯದಿದ್ದರೆ ಎರಡನೆಯದು ಅನಗತ್ಯವೆಂದು ಭಾವಿಸಲಾಗದು. ನಾಲಗೆಯ ಮೇಲಿನ ಪದಕ್ಕೆ ವಯಸ್ಸನ್ನು ನಿರ್ಧರಿಸುವ ಸಾಧನವಿರುವುದಿಲ್ಲ. ಕಜಾಕಿನ ತೆಮಿರ್‌ಕಜ಼ಿಕ್ ಕನಿಷ್ಠ ಒಂಬತ್ತೂವರೆ ಶತಮಾನ ಹಳೆಯ ಕಲ್ಪನೆಯೆಂದು ಇಂದು ಹೇಳಲು ಸಾಧ್ಯವಾಗುವುದು ದೀವಾನಿನಿಂದ. ಬಕಿರ್ ಸೊಕಿಮ್‌ನಂತಹ ಹೆಸರಿನ ಒಳಗುಟ್ಟು ತಿಳಿಯುವುದೂ ಬಾಣದ ಸಿಳ್ಳುಬುರುಡೆಯ ರಚನೆಯನ್ನು ಆ ನಿಘಂಟು ವಿವರಿಸಿರುವುದರಿಂದ. ಪದದ ಅರ್ಥವನ್ನು ಮಾತ್ರವಲ್ಲದೆ ಆ ಪದವನ್ನು ಹುಟ್ಟಿಸಿದ ವಸ್ತುವನ್ನೂ ವರ್ಣಿಸಿದುದು ಕಾಶ್ಗರಿಯ ವಿಧಾನದ ಹೆಚ್ಚುಗಾರಿಕೆ. ಗ್ರಂಥಸ್ಥ ಭಾಷೆಯೇ ಪ್ರಮಾಣವೆಂದು ನಂಬಿದ್ದ ಕಾಲದಲ್ಲಿ, ಆ ನಂಬಿಕೆಯ ಕೇಂದ್ರವಾಗಿದ್ದ ನಗರದಲ್ಲಿಯೇ ಕುಳಿತು, ಹುಲ್ಲುಗಾವಲಿನಲ್ಲಿ ಕಿವಿಯಾರೆ ಕೇಳಿದ ಮಾತನ್ನು ಅವನು ಪ್ರಮಾಣವಾಗಿ ಸ್ವೀಕರಿಸಿದನು. ಜನಪದದ ಪದಗಳನ್ನು ಸಂಗ್ರಹಿಸುವ ಯಾವ ಭಾಷೆಯ ನಿಘಂಟುಕಾರನಿಗಾದರೂ ಅವನ ಬದುಕಿನಿಂದ ದೊರೆಯುವ ಪಾಠವಿದು.